ಸಂಜ್ಞಾ ಭಾಷೆ ಗುರುತಿಸುವ ಮಾಡೆಲ್: ಟೆಸ್ಟ್‌ನಲ್ಲಿ ಶೇ 98, ಹೊಸಬರು ಎದುರು ನಿಂತರೆ ಅರ್ಧವೂ ಇಲ್ಲ. ಎಲ್ಲಿ ತಪ್ಪುತ್ತಿದೆ?

ಓಪಿಡಿ_ಕೌಂಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯ ಹೊರರೋಗಿ ನೋಂದಣಿ ಕೌಂಟರ್‌ಗೆಂದು ಒಂದು ಟ್ಯಾಬ್ಲೆಟ್ ಆ್ಯಪ್ ಮಾಡುತ್ತಿದ್ದೇವೆ. ಕಿವುಡ ರೋಗಿ ಕ್ಯಾಮೆರಾ ಎದುರು ಸನ್ನೆ ಮಾಡಿದರೆ ಕೌಂಟರಿನಲ್ಲಿ ಕೂತವರಿಗೆ ಕನ್ನಡ ವಾಕ್ಯ ಕಾಣಬೇಕು. ಸದ್ಯ 40 ಪದ ಇಟ್ಟುಕೊಂಡಿದ್ದೇವೆ: ತಲೆ, ಹೊಟ್ಟೆ, ಬೆನ್ನು, ನೋವು, ಜ್ವರ, ವಾಂತಿ, ನಿನ್ನೆ, ಇವತ್ತು, ಎಲ್ಲಿ, ಯಾವಾಗ, ಬೇಕು, ಬೇಡ, ಇಂಥವು. ತಂಡದ ನಾಲ್ವರು ಸಂಜ್ಞಾ ಭಾಷೆಯ ನಿಘಂಟಿನ ವಿಡಿಯೊ ನೋಡಿ ಕಲಿತು ಪ್ರತಿ ಪದವನ್ನು ತಲಾ 50 ಸಲ ರೆಕಾರ್ಡ್ ಮಾಡಿದ್ದಾರೆ, ಒಟ್ಟು 8,000 ತುಣುಕು. ಹೆಸರು ಬೆರಳಕ್ಷರದಲ್ಲಿ (ಒಂದೊಂದು ಅಕ್ಷರಕ್ಕೆ ಒಂದೊಂದು ಕೈಸನ್ನೆ) ಹೇಳಲಿ ಅಂತ ಜಾಲದಲ್ಲಿ ಸಿಗುವ 87,000 ಫೋಟೊಗಳ ಅಮೆರಿಕನ್ ಅಕ್ಷರಮಾಲೆಯ ಡೇಟಾಸೆಟ್ ಸೇರಿಸಿದ್ದೇವೆ. ಎಲ್ಲವನ್ನೂ ಕಲಸಿ 80:20 ಹಂಚಿ (80 ಕಲಿಸಲು, 20 ಪರೀಕ್ಷಿಸಲು) ನೋಡಿದಾಗ ನಿಖರತೆ ಶೇ 98.

ಆದರೆ ತಂಡಕ್ಕೆ ಸೇರದ, ದಿನವೂ ಸನ್ನೆಯಲ್ಲೇ ಮಾತಾಡುವ ಒಬ್ಬರು ಬಂದು ಮಾಡಿದರೆ ಅರ್ಧಕ್ಕಿಂತ ಹೆಚ್ಚು ತಪ್ಪು. ಕೈ ಕೆಳಗಿಟ್ಟು ಸುಮ್ಮನೆ ನಿಂತರೂ ಯಾವುದೋ ಪದ ಬರುತ್ತದೆ. "ನೋವಿದೆ" ಮತ್ತು "ನೋವಿದೆಯಾ?" ಎರಡಕ್ಕೂ ಒಂದೇ ಉತ್ತರ. ಇನ್ನೂ ದೊಡ್ಡ ನ್ಯೂರಲ್ ನೆಟ್‌ವರ್ಕ್ (ಮಾಡೆಲ್‌ನ ಒಳಗಿನ ಲೆಕ್ಕದ ಜಾಲ) ಹಾಕಬೇಕೇ? ಡೇಟಾ ಹೆಚ್ಚಿಸಬೇಕೇ?

---

ಮೊದಲು_ಡೇಟಾ ಉತ್ತರ:

ನೆಟ್‌ವರ್ಕ್ ದೊಡ್ಡದು ಮಾಡಿದರೆ ಪ್ರಯೋಜನವಿಲ್ಲ. ಆ ಶೇ 98 ನಂಬುವ ಸಂಖ್ಯೆಯಲ್ಲ. ಒಬ್ಬರೇ ಒಂದೇ ಜಾಗದಲ್ಲಿ ನಿಂತು ಒಂದು ಪದವನ್ನು 50 ಸಲ ಮಾಡಿದರೆ ಆ 50 ತುಣುಕೂ ಹೆಚ್ಚುಕಡಿಮೆ ಒಂದೇ. ಅವನ್ನು ಕಲಸಿ ಹಂಚಿದಾಗ 40 ಟ್ರೇನಿಂಗ್‌ಗೆ, 10 ಟೆಸ್ಟ್‌ಗೆ ಹೋಗುತ್ತವೆ. ಅಂದರೆ ಪರೀಕ್ಷೆಯ ಪ್ರಶ್ನೆಗಳೆಲ್ಲ ಮಾಡೆಲ್‌ಗೆ ಮೊದಲೇ ಗೊತ್ತು. ಅದು ಕಲಿತದ್ದು ಸನ್ನೆಯನ್ನಲ್ಲ. ನಿಮ್ಮ ನಾಲ್ವರ ತೋಳಿನ ಉದ್ದ, ನಿಲ್ಲುವ ಭಂಗಿ, ಹಿಂದಿನ ಗೋಡೆ.

ಹಂಚಿಕೆ ಯಾವಾಗಲೂ ವ್ಯಕ್ತಿಯ ಮೇಲೆ ಆಗಬೇಕು. ಮೂವರನ್ನು ಟ್ರೇನ್‌ಗೆ, ನಾಲ್ಕನೆಯವರನ್ನು ಪೂರ್ತಿ ಟೆಸ್ಟ್‌ಗೆ ಇಡಿ. ಹೀಗೆ ನಾಲ್ಕು ಸುತ್ತು ಮಾಡಿ ಸರಾಸರಿ ತೆಗೆಯಿರಿ. ಸೈಕಿಟ್-ಲರ್ನ್ ಎಂಬ ಪೈಥಾನ್ ಲೈಬ್ರರಿಯಲ್ಲಿ ಇದಕ್ಕೆ ಲೀವ್-ಒನ್-ಗ್ರೂಪ್-ಔಟ್ ಇದೆ, ಗುಂಪಿನ ಜಾಗಕ್ಕೆ ವ್ಯಕ್ತಿಯ ಸಂಖ್ಯೆ ಕೊಟ್ಟರೆ ಆಯ್ತು. ಬರುವ ಅಂಕ ಶೇ 98ರ ಹತ್ತಿರಕ್ಕೂ ಸುಳಿಯುವುದಿಲ್ಲ, ಆದರೆ ಕೌಂಟರಿನಲ್ಲಿ ಏನಾಗುತ್ತದೋ ಅದನ್ನೇ ಹೇಳುತ್ತದೆ.

ಅಕ್ಷರಗಳ ಡೇಟಾಸೆಟ್ಟನ್ನು ಪೂರ್ತಿ ತೆಗೆದುಬಿಡಿ. ಅದರ 29 ವರ್ಗಗಳಿಗೆ ತಲಾ 3,000 ಫೋಟೊ ಇದ್ದರೂ ಒಂದರ ಬೆನ್ನಿಗೊಂದು ತೆಗೆದ, ಹೆಚ್ಚು ವ್ಯತ್ಯಾಸವಿಲ್ಲದ ಚಿತ್ರಗಳು. ಅದಕ್ಕಿಂತ ಮುಖ್ಯವಾಗಿ ಅದು ಅಮೆರಿಕದ ಭಾಷೆ. ಅಲ್ಲಿ ಬೆರಳಕ್ಷರಕ್ಕೆ ಒಂದೇ ಕೈ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಬಹುತೇಕ ಅಕ್ಷರಗಳಿಗೆ ಎರಡೂ ಕೈ ಬೇಕು. ನಿಮ್ಮ ರೋಗಿಗಳು ಆ ಅಕ್ಷರ ಮಾಡುವುದೇ ಇಲ್ಲ.

ಹೋಲಿಕೆಗೆ ನೋಡಬೇಕಾದದ್ದು ಎಐ4ಭಾರತ್ ಸಂಶೋಧನಾ ತಂಡ 2020ರಲ್ಲಿ ಬಿಡುಗಡೆ ಮಾಡಿದ ಇನ್‌ಕ್ಲೂಡ್ ಎಂಬ ಭಾರತೀಯ ಸಂಜ್ಞಾ ಭಾಷೆಯ ಡೇಟಾಸೆಟ್. 263 ಪದ, 4,287 ವಿಡಿಯೊ, ಪದಕ್ಕೆ ಸರಾಸರಿ 16 ಮಾತ್ರ. ಆದರೆ ಮಾಡಿದವರು ಸಂಜ್ಞಾ ಭಾಷೆಯನ್ನೇ ಆಡುವವರು, ಚೆನ್ನೈನ ಕಿವುಡರ ಶಾಲೆಯೊಂದರವರು. ಆ ತಂಡದ ಅತ್ಯುತ್ತಮ ಮಾಡೆಲ್‌ಗೆ 50 ಪದಗಳ ಉಪಸೆಟ್‌ನಲ್ಲಿ ಶೇ 94.5 ಬಂದರೆ 263 ಪದಕ್ಕೆ ಶೇ 85.6. ಪದ ಹೆಚ್ಚಿದಂತೆ ನಿಖರತೆ ಹೇಗೆ ಇಳಿಯುತ್ತದೆ ನೋಡಿ. ಕೌಂಟರ್‌ಗೆ 40 ಪದ ಸಾಕು ಅನಿಸಿದರೆ 40ರಲ್ಲೇ ನಿಲ್ಲಿಸಿ, 100ಕ್ಕೆ ಒಯ್ಯುವ ಆಸೆ ಬೇಡ.

---

ಇಪ್ಪತ್ತೊಂದು_ಬಿಂದು ಉತ್ತರ:

ಮೇಲಿನವರು ಹೇಳಿದ ಹಂಚಿಕೆ ಮಾಡಿದ ಮೇಲೆ ಮುಂದಿನ ಕೆಲಸ, ಮಾಡೆಲ್‌ಗೆ ಚಿತ್ರವನ್ನೇ ಕೊಡುವುದನ್ನು ಬಿಡುವುದು. ಅಂಗಿಯ ಬಣ್ಣ, ಗೋಡೆ, ಚರ್ಮದ ಬಣ್ಣ ಏನೂ ಒಳಗೆ ಹೋಗಬಾರದು. ಮೀಡಿಯಾಪೈಪ್ ಹೊಲಿಸ್ಟಿಕ್ (ಚಿತ್ರದಲ್ಲಿ ಮುಖ, ದೇಹ, ಕೈಗಳ ಬಿಂದುಗಳನ್ನು ಗುರುತಿಸುವ ಗೂಗಲ್‌ನ ಉಪಕರಣ) ಬಳಸಿದರೆ ಒಂದು ಫ್ರೇಮಿಗೆ 543 ಬಿಂದು ಸಿಗುತ್ತವೆ: ಮುಖಕ್ಕೆ 468, ದೇಹಕ್ಕೆ 33, ಒಂದೊಂದು ಕೈಗೆ 21. ಎಲ್ಲವೂ ಬೇಡ. ನಾನು ಇಡುವುದು ಇಷ್ಟು (ಹೆಸರಿನ ಪಕ್ಕದ ಅಂಕಿಗಳು ಮೀಡಿಯಾಪೈಪ್ ಕೊಡುವ ಬಿಂದು ಸಂಖ್ಯೆಗಳು): ಎರಡು ಕೈಯ 42, ದೇಹದಲ್ಲಿ ಮೂಗು 0, ಭುಜ 11 ಮತ್ತು 12, ಮೊಣಕೈ 13 ಮತ್ತು 14, ಮಣಿಕಟ್ಟು 15 ಮತ್ತು 16, ಮುಖದಲ್ಲಿ ಹುಬ್ಬಿನ ಹತ್ತು (70, 63, 105, 66, 107 ಮತ್ತು 336, 296, 334, 293, 300), ತುಟಿಯ ನಾಲ್ಕು (61, 291, 13, 14), ರೆಪ್ಪೆಯ ನಾಲ್ಕು (159, 145, 386, 374). ಒಟ್ಟು 67 ಬಿಂದು, ಎಕ್ಸ್-ವೈ ಸೇರಿ 134 ಸಂಖ್ಯೆ. ಆಳ ಹೇಳುವ ಝಡ್ ಬಿಟ್ಟಿದ್ದೇನೆ. ಒಂದೇ ಕ್ಯಾಮೆರಾದಿಂದ ಊಹಿಸಿದ ಆ ಸಂಖ್ಯೆ ತುಂಬ ಅಲುಗಾಡುತ್ತದೆ.

ಇವನ್ನು ಅಳತೆಗೆ ತರುವುದು ಹೀಗೆ. ಎರಡು ಭುಜಗಳ ನಡುಬಿಂದುವನ್ನು ಸೊನ್ನೆ ಮಾಡಿ, ಎಲ್ಲವನ್ನೂ ಭುಜದಿಂದ ಭುಜದ ದೂರದಿಂದ ಭಾಗಿಸಿ. ಎತ್ತರದವರು, ಕುಳ್ಳಗಿನವರು, ಹತ್ತಿರ ನಿಂತವರು, ದೂರ ನಿಂತವರು ಎಲ್ಲರೂ ಒಂದೇ ಅಳತೆಗೆ ಬರುತ್ತಾರೆ. ಅದರ ಜೊತೆಗೆ ಕೈಯ ಬಿಂದುಗಳನ್ನು ಇನ್ನೊಂದು ಸಲ, ಮಣಿಕಟ್ಟನ್ನು ಸೊನ್ನೆ ಮಾಡಿ, ಮಣಿಕಟ್ಟಿನಿಂದ ನಡುಬೆರಳಿನ ಬುಡದ (ಬಿಂದು 9) ದೂರದಿಂದ ಭಾಗಿಸಿ ಸೇರಿಸಿ. ಮೊದಲನೆಯದು ಕೈ ಎಲ್ಲಿದೆ ಅಂತ ಹೇಳುತ್ತದೆ, ಎರಡನೆಯದು ಬೆರಳುಗಳ ಆಕಾರ ಹೇಳುತ್ತದೆ. ಇದು ಇನ್ನೂ 84 ಸಂಖ್ಯೆ.

ಕೈ ಕಾಣದ ಫ್ರೇಮ್‌ಗಳಲ್ಲಿ ಬಹಳ ಜನ ಎಡವುತ್ತಾರೆ. ಕಾಣದಿದ್ದರೆ 0 ತುಂಬುವುದು ರೂಢಿ. ಆದರೆ ಮೇಲಿನ ಅಳತೆಯಲ್ಲಿ 0,0 ಅಂದರೆ ಭುಜಗಳ ನಡುವೆ, ಗಂಟಲ ಬುಡ! "ಕೈ ಕಾಣಲಿಲ್ಲ" ಎಂಬುದನ್ನು ಮಾಡೆಲ್ "ಕೈ ಗಂಟಲ ಮೇಲಿದೆ" ಎಂದು ಓದುತ್ತದೆ. ಹಾಗಾಗಿ ಒಂದೊಂದು ಕೈಗೂ ಇದೆ/ಇಲ್ಲ ಎನ್ನುವ ಒಂದು ಗುರುತು ಸೇರಿಸಿ. ಮೂರು-ನಾಲ್ಕು ಫ್ರೇಮ್ ಮಾತ್ರ ತಪ್ಪಿದ್ದರೆ ಹಿಂದಿನದಕ್ಕೂ ಮುಂದಿನದಕ್ಕೂ ನಡುವೆ ಗೆರೆ ಎಳೆದು ತುಂಬಿ. ಅದಕ್ಕಿಂತ ಉದ್ದ ಖಾಲಿಯಿದ್ದರೆ ಊಹಿಸಬೇಡಿ. ಎಲ್ಲ ಕೂಡಿ ಫ್ರೇಮಿಗೆ 220 ಸಂಖ್ಯೆ. ಒಮ್ಮೆಗೆ 60 ಫ್ರೇಮಿನ ಕಿಟಕಿ, ಎರಡು ಪದರದ ದ್ವಿಮುಖ ಜಿಆರ್‌ಯು (ಫ್ರೇಮುಗಳನ್ನು ಸಾಲಾಗಿ ಓದುವ ನೆಟ್‌ವರ್ಕ್), ಒಂದು ದಿಕ್ಕಿಗೆ 128 ಘಟಕ. ಸುಮಾರು 5.7 ಲಕ್ಷ ಪ್ಯಾರಾಮೀಟರ್ (ಮಾಡೆಲ್ ಕಲಿಯುವ ಸಂಖ್ಯೆಗಳು), ಫೈಲ್ 2.3 ಎಂಬಿ ಆಸುಪಾಸು. ಸಾಧಾರಣ ಟ್ಯಾಬ್ಲೆಟ್ ಇದನ್ನು ಸಲೀಸಾಗಿ ಓಡಿಸುತ್ತದೆ. ಅಲ್ಲಿ ಸಮಯ ತಿನ್ನುವುದು ಮೀಡಿಯಾಪೈಪೇ.

ಸುಮ್ಮನೆ ನಿಂತರೂ ಪದ ಬರುವುದಕ್ಕೆ ಕಾರಣ, ನಿಮ್ಮ 40 ವರ್ಗದಲ್ಲಿ "ಯಾವುದೂ ಅಲ್ಲ" ಎಂಬ ವರ್ಗ ಇಲ್ಲ. ಮಾಡೆಲ್‌ನ ಕೊನೆಯ ಹಂತವಾದ ಸಾಫ್ಟ್‌ಮ್ಯಾಕ್ಸ್, ಏನು ಕೊಟ್ಟರೂ ನಲವತ್ತರಲ್ಲಿ ಒಂದನ್ನು ಆರಿಸಲೇಬೇಕು. 41ನೆಯ ವರ್ಗ ಮಾಡಿ ಅದಕ್ಕೆ ತಲೆ ಕೆರೆಯುವುದು, ಕನ್ನಡಕ ಸರಿಮಾಡುವುದು, ಚೀಟಿ ಹುಡುಕುವುದು, ಫೋನ್ ತೆಗೆಯುವುದು, ಪಟ್ಟಿಯಲ್ಲಿಲ್ಲದ ಸನ್ನೆಗಳು, ಎರಡು ಸನ್ನೆಗಳ ನಡುವೆ ಕೈ ಚಲಿಸುವ ಭಾಗ ಎಲ್ಲ ತುಂಬಿ. ಇದರ ತುಣುಕುಗಳು ಬೇರೆ ಯಾವ ಪದಕ್ಕಿಂತಲೂ ಹತ್ತು ಪಟ್ಟು ಇರಲಿ. ಮಣಿಕಟ್ಟು ಸೊಂಟದ ಗೆರೆಗಿಂತ ಕೆಳಗಿದ್ದರೆ ಮಾಡೆಲನ್ನು ಕರೆಯಲೇಬೇಡಿ.

ಕ್ಯಾಮೆರಾ ವಿಚಾರ. 720ಪಿ ಸಾಕು, ಕೈಯ ಮಾಡೆಲ್ ಕೊನೆಗೆ ನೋಡುವುದು 224×224 ಪಿಕ್ಸೆಲ್‌ನ ತುಂಡನ್ನು. ಬೇಕಾದದ್ದು ಬೆಳಕು. ಮಬ್ಬಿನಲ್ಲಿ ಕ್ಯಾಮೆರಾ ತಾನಾಗಿ ಶಟರ್ ನಿಧಾನ ಮಾಡುತ್ತದೆ, ಫ್ರೇಮ್ 30ರಿಂದ 15ಕ್ಕೆ ಇಳಿಯುವುದೂ ಉಂಟು. ಅರ್ಧ ಸೆಕೆಂಡಿನ ಸನ್ನೆಗೆ ಆಗ ಉಳಿಯುವುದು ಏಳೆಂಟು ಮಸುಕು ಫ್ರೇಮ್. ಶಟರ್ ವೇಗವನ್ನು 1/125 ಸೆಕೆಂಡ್ ಅಥವಾ ಅದಕ್ಕಿಂತ ವೇಗಕ್ಕೆ ಸ್ಥಿರವಾಗಿಡಿ, ಎದುರಿನಿಂದ ಒಂದು ಎಲ್‌ಇಡಿ ಪ್ಯಾನೆಲ್ ಕೊಡಿ, ಬೆನ್ನ ಹಿಂದೆ ಕಿಟಕಿ ಇರದಂತೆ ನಿಲ್ಲಿಸಿ. ದೂರ ಒಂದರಿಂದ ಒಂದೂವರೆ ಮೀಟರ್. ಚೌಕಟ್ಟಿನಲ್ಲಿ ತಲೆಯ ಮೇಲೆ ಒಂದು ಗೇಣು, ಕೆಳಗೆ ಸೊಂಟದವರೆಗೆ, ಪಕ್ಕಕ್ಕೆ ಮೊಣಕೈ ಚಾಚುವಷ್ಟು ಜಾಗ.

ಎರಡು ಕೈ ಒಂದಕ್ಕೊಂದು ತಾಗುವ ಸನ್ನೆಗಳಲ್ಲಿ ಎಡಗೈ-ಬಲಗೈ ಬಿಂದುಗಳು ಒಂದೇ ಕೈಯ ಮೇಲೆ ಹೋಗಿ ಕೂರುತ್ತವೆ, ಏಕೆಂದರೆ ಮೀಡಿಯಾಪೈಪ್ ಒಂದೊಂದು ಕೈಗೆಂದು ಕತ್ತರಿಸಿದ ಎರಡೂ ತುಂಡಿನಲ್ಲಿ ಎರಡೂ ಕೈ ಕಾಣುತ್ತವೆ. ಎರಡು ಕೈಯ ಮಧ್ಯಬಿಂದುಗಳ ದೂರ ಹಠಾತ್ತನೆ ಸೊನ್ನೆಗೆ ಬಂದ ಫ್ರೇಮುಗಳನ್ನು ಹುಡುಕಿ, ಒಂದು ಕೈಯನ್ನು "ಇಲ್ಲ" ಎಂದು ಗುರುತಿಸಿ. ಇನ್ನೊಂದು: ಮೀಡಿಯಾಪೈಪ್‌ನ ಹಳೆಯ ಹ್ಯಾಂಡ್ಸ್ ಸೊಲ್ಯೂಷನ್, ಚಿತ್ರ ಸೆಲ್ಫಿಯಂತೆ ಕನ್ನಡಿಬಿಂಬ ಎಂದುಕೊಂಡೇ ಎಡ-ಬಲ ಹೇಳುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿ ಮುಂದಿನ ಕ್ಯಾಮೆರಾದಲ್ಲಿ ಓಡಿಸಿದರೆ ಎಲ್ಲ ತಲೆಕೆಳಗು. ಎರಡೂ ಕಡೆ ಒಂದೇ ರೀತಿ ತಿರುಗಿಸಿದ್ದೀರಾ ಅಂತ ಮೊದಲು ನೋಡಿ. ಎಡಗೈಯವರಿಗಾಗಿ ಟ್ರೇನಿಂಗ್‌ನಲ್ಲಿ ಅರ್ಧ ತುಣುಕುಗಳನ್ನು ಕನ್ನಡಿಯಂತೆ ತಿರುಗಿಸಿ. ಎಕ್ಸ್‌ನ ಚಿಹ್ನೆ ಬದಲಿಸುವುದಷ್ಟೇ ಅಲ್ಲ, ಎಡ-ಬಲದ ಬಿಂದುಗಳನ್ನೂ ಅದಲುಬದಲು ಮಾಡಬೇಕು. ವೇಗವನ್ನು 0.8ರಿಂದ 1.2ರವರೆಗೆ ಹಿಗ್ಗಿಸಿ ಕುಗ್ಗಿಸಿ, ಹತ್ತು ಡಿಗ್ರಿವರೆಗೆ ಓರೆ ಮಾಡಿ. ಅಷ್ಟು ಸಾಕು.

---

ಕೈಮಾತು ಉತ್ತರ:

ತಾಂತ್ರಿಕ ಸಲಹೆಗಳು ಸರಿಯಾಗಿವೆ. ಭಾಷೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಪ್ರಶ್ನೆಯ ಅರ್ಧ ಉತ್ತರ ಅಲ್ಲಿದೆ.

"ನೋವಿದೆ", "ನೋವಿದೆಯಾ?" ಎರಡರಲ್ಲೂ ಕೈ ಮಾಡುವುದು ಒಂದನ್ನೇ. ಪ್ರಶ್ನೆ ಇರುವುದು ಮುಖದಲ್ಲಿ: ಹುಬ್ಬು ಮೇಲೇರುತ್ತದೆ, ತಲೆ ತುಸು ಮುಂದೆ ಬಾಗುತ್ತದೆ. ನಿರಾಕರಣೆಗೆ ತಲೆಯಾಟ ಸೇರುತ್ತದೆ. ಕೈ ಮಾತ್ರ ಓದುವ ಮಾಡೆಲ್‌ಗೆ ಈ ವ್ಯಾಕರಣ ಕಾಣುವುದೇ ಇಲ್ಲ. ಬೆರಳಿಗೆ ಸೆನ್ಸರ್ ಕಟ್ಟುವ ಕೈಗವಸುಗಳು ಪದೇ ಪದೇ ಸುದ್ದಿಯಾಗಿಯೂ ಕಿವುಡ ಸಮುದಾಯದಲ್ಲಿ ಬಳಕೆಗೆ ಬಾರದಿರಲು ಇದೇ ದೊಡ್ಡ ಕಾರಣ. ಮೇಲೆ ಕೊಟ್ಟ ಹುಬ್ಬಿನ ಹತ್ತು ಬಿಂದುಗಳನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ಮಾಸ್ಕ್ ಹಾಕಿದವರಲ್ಲಿ ತುಟಿ ಕಾಣದಿದ್ದರೂ ಹುಬ್ಬು ಕಾಣುತ್ತದೆ.

ನಿಘಂಟು ನೋಡಿ ಕಲಿತವರು ಪದವನ್ನು ನಿಧಾನವಾಗಿ, ಪೂರ್ತಿಯಾಗಿ, ಎದೆಯ ಮಟ್ಟದಲ್ಲಿ ಮಾಡುತ್ತಾರೆ. ಅದನ್ನೇ ಭಾಷೆಯಾಗಿ ಆಡುವವರಲ್ಲಿ ಒಂದು ಸನ್ನೆ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ, ಆಕಾರ ಸಡಿಲವಾಗುತ್ತದೆ. ನೋವಿನ ಸನ್ನೆಯನ್ನು ನೋಯುವ ಜಾಗದ ಹತ್ತಿರವೇ ಮಾಡುವುದುಂಟು. ಮೊಣಕಾಲಿನ ನೋವಿಗೆ ರೋಗಿ ಕೆಳಗೆ ತೋರಿಸಿದರೆ ನಿಮ್ಮ ಸೊಂಟದವರೆಗಿನ ಚೌಕಟ್ಟಿನಿಂದಲೇ ಹೊರಗೆ! ದೇಹದ ಭಾಗಗಳಿಗೆ ಸನ್ನೆ ಗುರುತಿಸುವ ಗೋಜಿಗೇ ಹೋಗದೆ ಪರದೆಯ ಮೇಲೆ ದೇಹದ ಚಿತ್ರವಿಟ್ಟು ಬೆರಳಿಂದ ಮುಟ್ಟಿಸಿ. ಹತ್ತಿಪ್ಪತ್ತು ಪದಗಳನ್ನು ಗುರುತಿಸುವ ಕೆಲಸ ಉಳಿಯುತ್ತದೆ, ತಪ್ಪೂ ಇಲ್ಲ.

ಇನ್ನು ಪ್ರದೇಶಭೇದ. 1970ರ ದಶಕದಲ್ಲೇ ವಸಿಷ್ಠ, ವುಡ್‌ವರ್ಡ್ ಮೊದಲಾದ ಸಂಶೋಧಕರು ದೆಹಲಿ, ಕಲ್ಕತ್ತಾ, ಬಾಂಬೆ, ಬೆಂಗಳೂರಿನ ಸನ್ನೆಗಳನ್ನು ಹೋಲಿಸಿದ್ದರು. ಸುಮಾರು ಮುಕ್ಕಾಲು ಪಾಲು ಪದಗಳು ಒಂದಕ್ಕೊಂದು ಸಂಬಂಧವಿರುವವು, ಉಳಿದವು ಬೇರೆ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು 2018ರಲ್ಲಿ 3,000, 2019ರಲ್ಲಿ 6,000, 2021ರಲ್ಲಿ 10,000 ಪದಕ್ಕೆ ಬೆಳೆಯಿತು. ಒಳ್ಳೆಯ ಆಧಾರವೇ. ಆದರೆ ಕರ್ನಾಟಕದ ಹಿರಿಯ ಕಿವುಡರು ವಾರ, ಸಂಖ್ಯೆ, ಸಂಬಂಧಗಳಿಗೆ ತಮ್ಮ ಶಾಲೆಯಲ್ಲಿ ಕಲಿತದ್ದನ್ನೇ ಬಳಸಬಹುದು. ಹಾಗಾಗಿ ಒಂದು ಪದಕ್ಕೆ ಒಂದೇ ವರ್ಗ ಅಂತ ಹಟ ಬೇಡ. "ನಿನ್ನೆ"ಗೆ ಎರಡು ರೂಪ ಬಳಕೆಯಲ್ಲಿದ್ದರೆ ಒಳಗೆ ಎರಡು ವರ್ಗ ಇಟ್ಟು ಹೊರಗೆ ಒಂದೇ ಪದ ತೋರಿಸಿ. ಚಿಕ್ಕಬಳ್ಳಾಪುರ ಜಿಲ್ಲೆಯ ಅಲಿಪುರದಲ್ಲಂತೂ ಊರಿನದ್ದೇ ಬೇರೆ ಸಂಜ್ಞಾ ಭಾಷೆ ಇದೆ. ಭಾಷಾವಿಜ್ಞಾನಿ ಸಿಬಾಜಿ ಪಂಡಾ ಅದನ್ನು ಅಧ್ಯಯನ ಮಾಡಿದ್ದಾರೆ. ಆ ಕಡೆಯ ಆಸ್ಪತ್ರೆಗೆ ಹಾಕುವುದಾದರೆ ಅಲ್ಲಿನವರನ್ನು ಕೇಳದೆ ಒಂದು ಪದವನ್ನೂ ಸೇರಿಸಬೇಡಿ.

ರೆಕಾರ್ಡಿಂಗ್‌ಗೆ ಸಂಜ್ಞಾ ಭಾಷಾ ಬೋಧನೆಯ ಡಿಪ್ಲೊಮಾ ಪಡೆದ ಕಿವುಡ ಶಿಕ್ಷಕರನ್ನು ಕರೆಯಿರಿ, ಕೆಲಸಕ್ಕೆ ಸಂಭಾವನೆ ಕೊಡಿ, ಪದಪಟ್ಟಿ ಮಾಡುವಾಗಲೇ ಅವರು ಮೇಜಿನ ಬಳಿ ಇರಲಿ. ಒಪ್ಪಿಗೆ ಪತ್ರವನ್ನು ಸನ್ನೆಯ ವಿಡಿಯೊದಲ್ಲೂ ವಿವರಿಸಿ. ಕನ್ನಡ ಅಥವಾ ಇಂಗ್ಲಿಷ್ ಓದು ಎಲ್ಲರಿಗೂ ಸಲೀಸಲ್ಲ.

---

ಓಪಿಡಿ_ಕೌಂಟರ್:

ತುಂಬಾ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ಇಷ್ಟೆಲ್ಲ ಬಿಟ್ಟು ವಿಡಿಯೊವನ್ನೇ ಚಿತ್ರ ಅರ್ಥಮಾಡಿಕೊಳ್ಳುವ ದೊಡ್ಡ ಎಐಗೆ ಕೊಟ್ಟು "ಏನು ಹೇಳುತ್ತಿದ್ದಾರೆ" ಅಂತ ಕೇಳಬಹುದಲ್ಲ? ಇಲ್ಲವಾದರೆ, ಗುರುತಿಸಿದ ಪದಗಳನ್ನಾದರೂ ಅದಕ್ಕೆ ಕೊಟ್ಟು ಕನ್ನಡ ವಾಕ್ಯ ಮಾಡಿಸಬಹುದೇ? ಬೆರಳಕ್ಷರ ಬಿಟ್ಟರೆ ರೋಗಿಯ ಹೆಸರು ತೆಗೆದುಕೊಳ್ಳುವುದು ಹೇಗೆ?

---

ಫ್ರೇಮ್_ಲೆಕ್ಕ ಉತ್ತರ:

ವಿಡಿಯೊ ನೇರ ಕೊಡುವುದು ಈಗಿನ ಸ್ಥಿತಿಯಲ್ಲಿ ಬೇಡ. ಈ ಸಾಮಾನ್ಯ ಮಾಡೆಲ್‌ಗಳು ಎಲ್ಲ ಫ್ರೇಮ್ ನೋಡುವುದಿಲ್ಲ. ಗೂಗಲ್‌ನ ಜೆಮಿನಿಯ ಎಪಿಐ (ಬೇರೆ ಆ್ಯಪ್‌ಗಳು ಆ ಎಐಯನ್ನು ಬಳಸುವ ದಾರಿ), ನಾವು ಬದಲಿಸದಿದ್ದರೆ, ಸೆಕೆಂಡಿಗೆ ಒಂದು ಫ್ರೇಮ್ ಆರಿಸುತ್ತದೆ. ಸನ್ನೆಯೇ ಅರ್ಧದಿಂದ ಒಂದು ಸೆಕೆಂಡ್. ಮೂರು ಸನ್ನೆಯ ವಾಕ್ಯದಿಂದ ಎರಡು ನಿಂತ ಚಿತ್ರ ಸಿಕ್ಕರೆ ಚಲನೆ ಎಲ್ಲಿ ಉಳಿಯಿತು? ಆದರೂ ಅದು "ಗೊತ್ತಾಗಲಿಲ್ಲ" ಎನ್ನದೆ ಆಸ್ಪತ್ರೆ ಎಂಬ ಸಂದರ್ಭ ನೋಡಿ ಒಂದು ಚೆಂದದ ವಾಕ್ಯ ಕಟ್ಟಿಬಿಡುತ್ತದೆ. ಓದಿದವರಿಗೆ ಅನುಮಾನ ಬರುವುದಿಲ್ಲ, ಅಪಾಯ ಅಲ್ಲೇ ಇರುವುದು. ಫ್ರೇಮ್ ಹೆಚ್ಚಿಸಿದರೂ ಭಾರತೀಯ ಸಂಜ್ಞಾ ಭಾಷೆಯ ಮಟ್ಟಿಗೆ ಕಲಿಕೆಯ ಸಾಮಗ್ರಿ ಕಡಿಮೆ. 2024ರ ಐಸೈನ್ ಸಂಗ್ರಹದಲ್ಲಿ 1.18 ಲಕ್ಷ ವಿಡಿಯೊ-ವಾಕ್ಯ ಜೋಡಿ ಇದೆ, ಈ ಭಾಷೆಗೆ ಇರುವ ದೊಡ್ಡ ಸಂಗ್ರಹಗಳಲ್ಲಿ ಒಂದು. ಅದರ ಮೇಲೆ ಕಲಿತ ಮಾಡೆಲ್‌ಗಳ ಅನುವಾದದ ಅಂಕ ಇನ್ನೂ ತೀರಾ ಕೆಳಗಿದೆ. ಅದೂ ಇಂಗ್ಲಿಷ್‌ಗೆ.

ಪದಗಳಿಂದ ವಾಕ್ಯಕ್ಕೆ ಭಾಷಾ ಮಾಡೆಲ್ ಬೇಕೇ ಇಲ್ಲ. ಇಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಕ್ರಿಯೆ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಪ್ರಶ್ನಾಪದವೂ ಕೊನೆಗೆ, ನಿರಾಕರಣೆಯೂ ಕೊನೆಗೆ: "ನಿನ್ನ-ಹೆಸರು-ಏನು", "ಜ್ವರ-ಇಲ್ಲ". ಕನ್ನಡಕ್ಕೆ ಬರಲು ಕ್ರಮ ಬದಲಿಸುವುದೇ ಕಡಿಮೆ. ನಡುವೆ ಇಂಗ್ಲಿಷ್ ತಂದು ಅಲ್ಲಿಂದ ಕನ್ನಡಕ್ಕೆ ಇಳಿಸಿದರೆ ಎರಡು ಸಲ ತಪ್ಪಲು ಅವಕಾಶ. "[ಭಾಗ] [ನೋವು] [ಯಾವಾಗಿನಿಂದ]" ಎಂಬಂಥ ಹತ್ತು-ಹದಿನೈದು ಅಚ್ಚುಗಳನ್ನು ಕೈಯಲ್ಲೇ ಬರೆಯಿರಿ. ಅಚ್ಚಿಗೆ ಕೂರದ ಪದಗಳು ಬಂದರೆ ವಾಕ್ಯ ಮಾಡದೆ ಪದಗಳನ್ನೇ ಬಿಡಿಬಿಡಿಯಾಗಿ ತೋರಿಸಿ. ಭಾಷಾ ಮಾಡೆಲ್‌ಗೆ ಕೊಟ್ಟಾಗ ಕೊನೆಯ "ಇಲ್ಲ"ವನ್ನು ನುಂಗಿಯೋ, ಯಾರೂ ಹೇಳದ "ತೀವ್ರ" ಸೇರಿಸಿಯೋ ಹೊರಬಂದರೆ ಕೌಂಟರಿನಲ್ಲಿ ಹಿಡಿಯುವವರಿಲ್ಲ.

ಹೆಸರಿಗೆ ಸನ್ನೆಯೂ ಬೇಡ, ಅಕ್ಷರವೂ ಬೇಡ. ಆಭಾ ಎಂಬ ಸರ್ಕಾರಿ ಆರೋಗ್ಯ ಗುರುತಿನ ಕಾರ್ಡಿನಲ್ಲಿ, ಆಧಾರ್‌ನಲ್ಲಿ ಕ್ಯೂಆರ್ ಇದೆ, ಅದನ್ನು ಓದಿಸಿ. ಹಳೆಯ ಚೀಟಿ ಮಾತ್ರ ತಂದಿದ್ದರೆ, ಮುದ್ರಿತ ಕನ್ನಡವನ್ನು, ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶವಾದ ಟೆಸರಾಕ್ಟ್‌ನ ಕನ್ನಡ ಮಾಡೆಲ್ ಓದುತ್ತದೆ. ಚಿತ್ರದ ಸ್ಪಷ್ಟತೆ 300 ಡಿಪಿಐಗಿಂತ (ಇಂಚಿಗೆ 300 ಚುಕ್ಕೆ) ಕಡಿಮೆಯಾದರೆ ಒತ್ತಕ್ಷರಗಳು ಕೆಡುತ್ತವೆ, ಹಾಗಾಗಿ ಓದಿದ್ದನ್ನು ರೋಗಿಗೆ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಿ. ವೈದ್ಯರ ಕೈಬರಹದ ಔಷಧ ಚೀಟಿಯನ್ನು ಮಾತ್ರ ಯಾವ ಎಐಯಿಂದಲೂ ಓದಿಸಬೇಡಿ.

---

ಕೈಮಾತು:

"ಒಪ್ಪಿಗೆ" ಎಂದಿರಲ್ಲ, ಅದು ಸನ್ನೆಗೂ ಬೇಕು. ಮಾಡೆಲ್ ಗುರುತಿಸಿದ ಪದವನ್ನು ಕೌಂಟರಿಗೆ ಕಳಿಸುವ ಮೊದಲು ಅದೇ ಪದದ ಸನ್ನೆಯ ವಿಡಿಯೊವನ್ನು ರೋಗಿಯ ಕಡೆಯ ಪರದೆಯಲ್ಲಿ ಓಡಿಸಿ, ಹಸಿರು-ಕೆಂಪು ಎರಡು ದೊಡ್ಡ ಗುಂಡಿ ಕೊಡಿ. ಕನ್ನಡ ಅಕ್ಷರ ಮಾತ್ರ ತೋರಿಸಿ "ಸರಿಯೇ?" ಎಂದರೆ ಓದು ಬಾರದವರು ಸುಮ್ಮನೆ ಸರಿ ಒತ್ತುತ್ತಾರೆ.

ಕೌಂಟರಿನಿಂದ ರೋಗಿಗೆ ಹೋಗುವ ದಿಕ್ಕು ಇನ್ನೂ ಸುಲಭ, ಆದರೂ ನಿಮ್ಮ ಯೋಜನೆಯಲ್ಲಿ ಕಾಣಲಿಲ್ಲ. ನೋಂದಣಿಯಲ್ಲಿ ಕೇಳುವ ಪ್ರಶ್ನೆಗಳು ಮೂವತ್ತು ದಾಟುವುದಿಲ್ಲ. ಒಂದೊಂದನ್ನೂ ಕಿವುಡ ಶಿಕ್ಷಕರಿಂದ ಒಮ್ಮೆ ವಿಡಿಯೊ ಮಾಡಿಸಿಟ್ಟರೆ ಸಿಬ್ಬಂದಿ ಗುಂಡಿ ಒತ್ತಿದರಾಯಿತು. ಅನಿಮೇಷನ್ ಗೊಂಬೆ ಬೇಡ. ವಿಶ್ವ ಕಿವುಡರ ಒಕ್ಕೂಟ ಮತ್ತು ಸಂಜ್ಞಾ ಭಾಷಾ ಇಂಟರ್‌ಪ್ರಿಟರ್‌ಗಳ ವಿಶ್ವ ಸಂಘಟನೆ 2018ರಲ್ಲಿ ಜಂಟಿಯಾಗಿ ಹೇಳಿದ್ದೂ ಅದನ್ನೇ: ಅಂಥ ಗೊಂಬೆಗಳು ಮೊದಲೇ ಸಿದ್ಧಪಡಿಸಿದ, ಬದಲಾಗದ ಮಾಹಿತಿಗೆ ಇರಬಹುದು, ನೇರ ಮಾತುಕತೆಯಲ್ಲಿ ಮನುಷ್ಯ ಇಂಟರ್‌ಪ್ರಿಟರ್ ಜಾಗಕ್ಕೆ ಬರಬಾರದು.

ಇದೇ ಗೆರೆ ನಿಮ್ಮ ಆ್ಯಪ್‌ಗೂ ಇರಲಿ. ಯಾವ ವಿಭಾಗ, ಯಾವ ಕೋಣೆ, ಎಷ್ಟು ದಿನದಿಂದ, ಇಷ್ಟಕ್ಕೆ ಸರಿ. ವೈದ್ಯರ ಕೋಣೆಯೊಳಗೆ, ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ, ಔಷಧದ ಪ್ರಮಾಣ ಹೇಳುವುದಕ್ಕೆ ವಿಡಿಯೊ ಕರೆಯಲ್ಲಾದರೂ ಇಂಟರ್‌ಪ್ರಿಟರ್ ಬರಬೇಕು. ಆ ಕರೆಯ ಗುಂಡಿ ಮೊದಲ ಪರದೆಯಲ್ಲೇ ಇರಲಿ, ಮೂರು ಸಲ ತಪ್ಪಿದ ಮೇಲೆ ಕಾಣಿಸುವಂತೆ ಅಲ್ಲ.

---

ಓಪಿಡಿ_ಕೌಂಟರ್:

ದೇಹದ ಚಿತ್ರ, ಕ್ಯೂಆರ್, ವಿಡಿಯೊ ಪ್ರಶ್ನೆಗಳು ಸೇರಿಸಿದರೆ ಗುರುತಿಸಬೇಕಾದ ಸನ್ನೆ 18ಕ್ಕೆ ಇಳಿಯುತ್ತದೆ. ಕನಿಷ್ಠ ಎಷ್ಟು ಜನರಿಂದ ರೆಕಾರ್ಡ್ ಮಾಡಿಸಬೇಕು?

---

ಮೊದಲು_ಡೇಟಾ:

18 ಪದಕ್ಕೆ 12 ಜನ, ತಲಾ 10 ಸಲ, ಒಟ್ಟು 2,160 ತುಣುಕು. ಮೊದಲಿನ 8,000ಕ್ಕಿಂತ ಇದು ಹೆಚ್ಚು ಬೆಲೆಯದ್ದು. ಹತ್ತು ಸಲವನ್ನೂ ಒಂದೇ ದಿನ ಮಾಡಿಸಬೇಡಿ. ಐದು ಒಂದು ದಿನ, ಐದು ಇನ್ನೊಂದು ದಿನ, ಬೇರೆ ಬಟ್ಟೆ, ಬೇರೆ ಬೆಳಕು, ಕೆಲವು ಕೂತು, ಕೆಲವು ನಿಂತು. ಅರ್ಧದಷ್ಟನ್ನು ಬಿಡಿ ಪದವಾಗಿ ಅಲ್ಲದೆ ವಾಕ್ಯದೊಳಗೆ ಮಾಡಿಸಿ ಆಮೇಲೆ ಕತ್ತರಿಸಿ. ಹನ್ನೆರಡರಲ್ಲಿ ಇಬ್ಬರಾದರೂ ಎಡಗೈಯವರು, ಮೂವರಾದರೂ ಐವತ್ತು ದಾಟಿದವರು ಇರಲಿ; ವಯಸ್ಸಾದವರ ಸನ್ನೆ ಬೇರೆ, ಆಸ್ಪತ್ರೆಗೆ ಹೆಚ್ಚು ಬರುವವರೂ ಅವರೇ. ವಿಡಿಯೊದಿಂದ ಬಿಂದುಗಳನ್ನು ಪಡೆದ ಮೇಲೆ ಮೂಲ ವಿಡಿಯೊವನ್ನು ಒಪ್ಪಿಗೆಯಲ್ಲಿ ಹೇಳಿದ ಅವಧಿ ಮುಗಿದೊಡನೆ ಅಳಿಸಿ.

ಇಬ್ಬರನ್ನು ಕೊನೆಯ ಪರೀಕ್ಷೆಗೆಂದು ಬೀಗ ಹಾಕಿಡಿ, ಮಾಡೆಲ್ ತಿದ್ದುವಾಗ ಅವರ ಅಂಕ ನೋಡಲೇಬೇಡಿ. ಉಳಿದ ಹತ್ತು ಜನರ ಮೇಲೆ ಒಬ್ಬೊಬ್ಬರನ್ನಾಗಿ ಹೊರಗಿಟ್ಟು ಪರೀಕ್ಷಿಸಿ. ಸರಾಸರಿ ನೋಡಿ ಸಮಾಧಾನ ಬೇಡ, ಅತಿ ಕಡಿಮೆ ಬಂದ ವ್ಯಕ್ತಿಯ ಅಂಕ ನೋಡಿ. "ಇಷ್ಟಕ್ಕಿಂತ ಕಡಿಮೆ ಖಾತ್ರಿಯಿದ್ದರೆ ಉತ್ತರ ಕೊಡಬೇಡ" ಎಂಬ ಮಿತಿಯನ್ನು 0.8ರಿಂದ ಶುರುಮಾಡಿ, ಆ ವ್ಯಕ್ತಿಗೆ ತಪ್ಪು ಪದ ಬರುವುದು ನಿಲ್ಲುವವರೆಗೆ ಏರಿಸಿ. ಉತ್ತರ ಬಾರದ ಸಲಗಳು ಹೆಚ್ಚಾಗುತ್ತವೆ, ಆಗಲಿ. ಆಗ ಪರದೆ "ಮತ್ತೊಮ್ಮೆ ಮಾಡಿ" ಎಂಬುದನ್ನು ಸನ್ನೆಯಲ್ಲಿ ತೋರಿಸಲಿ, ಎರಡನೆಯ ಸಲವೂ ಆಗದಿದ್ದರೆ ಇಂಟರ್‌ಪ್ರಿಟರ್ ಕರೆ ತಾನಾಗಿ ಹೋಗಲಿ.